ಏಳು ಹೆಬ್ಬಾಗಿಲಿನ ಥೀಬ್ಸ್

ಗ್ರೀಕರ ಆದಿಕವಿಗಳಲ್ಲೊಬ್ಬನಾದ ಹೆಸಿಯಡ್, ಮಾನವಕುಲವು ಸುವರ್ಣಯುಗದಿಂದ ಕಬ್ಬಿಣದ ಯುಗಕ್ಕೆ ಇಳಿದುಬಂದ ಪರಿಯನ್ನು ವರ್ಣಿಸುತ್ತ, ನಡುವೆ ದೇವಾಂಶಸಂಭೂತರಾದ ವೀರರ ತಲೆಮಾರೊಂದನ್ನು ತಂದು ನಿಲ್ಲಿಸಿ, ಆ ತಲೆಮಾರು ಎರಡು ರಣರಂಗಗಳಲ್ಲಿ ಅಳಿದುಹೋಯಿತೆಂದು ಹೇಳುತ್ತಾನೆ. ಹೆಲೆನಳ ನಿಮಿತ್ತವಾಗಿ ಕಡಲು ದಾಟಿ ಟ್ರಾಯ್ ನಗರದ ಮುಂದೆ ಬಿದ್ದವರು ಒಂದು ಪಾಲು. ಈಡಿಪಸನ ಕುರಿಹಿಂಡುಗಳ ನಿಮಿತ್ತವಾಗಿ ಏಳು ಬಾಗಿಲಿನ ಥೀಬ್ಸ್ ನಗರದ ಮುಂದೆ ಬಿದ್ದವರು ಇನ್ನೊಂದು ಪಾಲು. ಟ್ರಾಯಿನ ಹೆಸರನ್ನು ಇಂದು ಕೇಳದವರಿಲ್ಲ. ಥೀಬ್ಸ್ ಎಂದರೆ ಮಾತ್ರ ನಮ್ಮಲ್ಲಿ ಅನೇಕರಿಗೆ ನೈಲ್ ನದಿಯ ದಂಡೆಯ ಊರು ನೆನಪಿಗೆ ಬರುವುದೇ ಹೆಚ್ಚು. ನೂರು ಬಾಗಿಲಿನದೆಂದು ಹೋಮರನು ಕೊಂಡಾಡಿದ ಆ ಈಜಿಪ್ಟಿನ ನಗರಿಯೇ ಬೇರೆ, ಇಲ್ಲಿ ಹೇಳಹೊರಟ ಗ್ರೀಸ್ ದೇಶದ ಥೀಬ್ಸೇ ಬೇರೆ.

ಟ್ರಾಯಿಗೆ ಹೋಮರನಂಥ ಕವಿ ದೊರೆತನು. ಥೀಬ್ಸಿಗೂ ಮಹಾಕಾವ್ಯಗಳಿದ್ದುವು, ‘ಈಡಿಪೊಡೀಯ’, ‘ಥೀಬಾಯಿಡ್’, ‘ಎಪಿಗೊನೈ’ ಎಂಬ ಹೆಸರಿನ ಆ ಕಾವ್ಯಗಳನ್ನು ಪ್ರಾಚೀನರು ಬಲ್ಲರಾಗಿದ್ದರು, ನಮಗೆ ಉಳಿದಿರುವುದು ಅಲ್ಲೊಂದು ಇಲ್ಲೊಂದು ಸಾಲಿನ ಚೂರು ಮಾತ್ರ. ಹೀಗಾಗಿ ಥೀಬ್ಸಿನ ಕಥೆಯನ್ನು ಲೋಕವು ಕೇಳಿದುದು ಬಹುಮಟ್ಟಿಗೆ ಅಥೆನ್ಸಿನ ನಾಟಕಕಾರರ ಬಾಯಿಂದ. ಅಥೆನ್ಸಾದರೋ ಥೀಬ್ಸಿಗೆ ಬೆಟ್ಟವೊಂದರ ಆಚೆಯ ನೆರೆ, ಶತಮಾನಗಳ ಹಗೆ. ಟ್ರಾಯಿಯನ್ನು ಹಾಳುಗೆಡವಿದವರು ಹೊರಗಿನವರಾದರೆ, ಥೀಬ್ಸಿನ ಕಥೆಗಳಲ್ಲಿ ಕೇಡು ಹೊರಗಿನಿಂದ ಬರುವುದೇ ಅಪರೂಪ: ಅಲ್ಲಿ ಮಗನು ತಂದೆಯನ್ನು ಕೊಲ್ಲುತ್ತಾನೆ, ತಾಯಿ ಮಗನನ್ನು ಸೀಳುತ್ತಾಳೆ, ಒಡಹುಟ್ಟಿದವರು ಪರಸ್ಪರ ಈಟಿಯಿಂದ ತಿವಿದುಕೊಂಡು ಸಾಯುತ್ತಾರೆ. ಒಂದೇ ಊರಿಗೆ ಇಷ್ಟೆಲ್ಲ ಪಾತಕ ಅಂಟಿಕೊಂಡುದು ಹೇಗೆಂದು ವಿಚಾರಿಸುವವನು, ಆ ಕಥೆಗಳನ್ನು ಹೇಳಿದವರು ಯಾರೆಂಬುದನ್ನೂ ಜೊತೆಗೇ ವಿಚಾರಿಸಬೇಕಾಗುತ್ತದೆ.

ಅಥೆನ್ಸಿನಿಂದ ವಾಯವ್ಯಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 50 ಕಿಲೋಮೀಟರು ದೂರದಲ್ಲಿ, ಬಿಯೋಷಿಯವೆಂಬ ಫಲವತ್ತಾದ ಸೀಮೆಯ ನಡುವೆ ಥೀಬ್ಸ್ ಇದೆ. ದಕ್ಷಿಣಕ್ಕೆ ಸಿಥೀರಾನ್ ಬೆಟ್ಟ, ಪಶ್ಚಿಮಕ್ಕೆ ಕಾವ್ಯದೇವತೆಯರ ವಾಸಸ್ಥಾನವೆನಿಸಿದ ಹೆಲಿಕಾನ್ ಪರ್ವತ. ಊರಿನ ಎರಡು ಮಗ್ಗುಲಲ್ಲಿ ಡಿರ್ಕಿ, ಇಸ್ಮೀನಸ್ ಎಂಬ ಸಣ್ಣ ಹೊಳೆಗಳು. ಅವುಗಳ ನಡುವೆ ಎದ್ದ ದಿಣ್ಣೆಯ ಮೇಲೆ ಕ್ಯಾಡ್ಮಿಯವೆಂಬ ಕೋಟೆ. ಒಳ್ಳೆಯ ಗೋದಿ, ಕೊಬ್ಬಿದ ದನ, ಮಂಜು ಮುಸುಕುವ ಚಳಿಗಾಲ, ಇವೆಲ್ಲ ಕೂಡಿ ಬಿಯೋಷಿಯದವರನ್ನು ಮಂದಬುದ್ಧಿಗಳನ್ನಾಗಿ ಮಾಡಿವೆಯೆಂದು ಅಥೆನ್ಸಿನವರು ಹಾಸ್ಯಮಾಡುತ್ತಿದ್ದರು. ಬಿಯೋಷಿಯದವರನ್ನು ಹಂದಿಗೆ ಹೋಲಿಸುವ ಹಳೆಯ ಬೈಗುಳವೊಂದನ್ನು ಥೀಬ್ಸ್ ಸೀಮೆಯವನೇ ಆದ ಮಹಾಕವಿ ಪಿಂಡಾರ್ ತನ್ನ ಗೀತೆಯೊಂದರಲ್ಲಿ ನೆನೆದು, ಆ ನಿಂದೆಯಿಂದ ತಾವು ಪಾರಾದೆವೇ ಎಂದು ಕೇಳುತ್ತಾನೆ. ಹೆಸಿಯಡ್, ಪಿಂಡಾರ್, ಅವರ ತರುವಾಯ ಕೈರೋನಿಯದ ಪ್ಲುಟಾರ್ಕ್, ಈ ಮೂವರನ್ನು ಹಡೆದ ನೆಲವನ್ನು ಮಂದಬುದ್ಧಿಗಳ ನೆಲವೆನ್ನಬೇಕಾದರೆ ನೆರೆಯವನ ನಾಲಗೆಯೇ ಬೇಕು.

ಊರಿನ ಉತ್ಪತ್ತಿಯ ಕಥೆ ಸಮುದ್ರದಾಚೆಯಿಂದ ತೊಡಗುತ್ತದೆ. ಫಿನೀಷಿಯದ ಅರಸು ಅಗೀನರನ ಮಗಳು ಯುರೋಪಾ ಕಡಲ ದಂಡೆಯಲ್ಲಿ ಆಡುತ್ತಿದ್ದಾಗ, ದೇವರಾಜನಾದ ಸ್ಯೂಸ್ ಬಿಳಿಯ ಗೂಳಿಯ ವೇಷದಲ್ಲಿ ಬಂದು ಅವಳನ್ನು ಬೆನ್ನಮೇಲೆ ಹೊತ್ತುಕೊಂಡು ಕ್ರೀಟ್ ದ್ವೀಪಕ್ಕೆ ಈಜಿಬಿಟ್ಟನು. ತಂಗಿಯನ್ನು ಹುಡುಕಿ ತರದೆ ಮನೆಗೆ ಮರಳಕೂಡದೆಂಬ ಕಟ್ಟಪ್ಪಣೆಯನ್ನು ಹೊತ್ತು ಹೊರಟ ಅಣ್ಣ ಕ್ಯಾಡ್ಮಸ್, ದೇಶದೇಶಗಳನ್ನು ಅಲೆದು ಬಳಲಿ, ಕೊನೆಗೆ ಡೆಲ್ಫಿಯಲ್ಲಿ ಅಪೊಲೊ ದೇವನ ದೈವವಾಣಿಯನ್ನು ಕೇಳಿದಾಗ ಬಂದ ಅಪ್ಪಣೆ ವಿಚಿತ್ರವಾಗಿತ್ತು: ತಂಗಿಯ ಚಿಂತೆಯನ್ನು ಬಿಡು, ದಾರಿಯಲ್ಲಿ ಸಿಗುವ ಹಸುವೊಂದರ ಬೆನ್ನುಹತ್ತು, ಅದು ದಣಿದು ಮಲಗಿದ ಕಡೆ ಊರು ಕಟ್ಟು. ಎರಡು ಪಕ್ಕೆಗಳಲ್ಲೂ ಹುಣ್ಣಿಮೆಯ ಚಂದ್ರನಂತೆ ಬೆಳ್ಳಗಿನ ಮಚ್ಚೆಯಿದ್ದ ಆ ಹಸು ನಡೆದು ನಡೆದು ಬಿಯೋಷಿಯದಲ್ಲಿ ಮಲಗಿತು. ಹಸುವನ್ನು ಅಥೀನಾ ದೇವಿಗೆ ಬಲಿಯರ್ಪಿಸಬೇಕೆಂದು ಕ್ಯಾಡ್ಮಸ್ ತನ್ನವರನ್ನು ನೀರಿಗೆ ಕಳುಹಿಸಿದನು. ಹತ್ತಿರದ ಚಿಲುಮೆ ಯುದ್ಧದೇವನಾದ ಏರಿಸನದು. ಅದನ್ನು ಕಾಯುತ್ತಿದ್ದ ಮಹಾಸರ್ಪವು ಹೋದವರನ್ನೆಲ್ಲ ಕೊಂದುಹಾಕಿತು. ಕ್ಯಾಡ್ಮಸ್ ಸರ್ಪವನ್ನು ಕೊಂದನು.

ಕಥೆಯ ಮರ್ಮಸ್ಥಾನ ಇದರ ಮುಂದಿನದು. ಅಥೀನಾ ದೇವಿಯ ಮಾತಿನಂತೆ ಕ್ಯಾಡ್ಮಸ್ ಆ ಸರ್ಪದ ಹಲ್ಲುಗಳನ್ನು ಉತ್ತ ನೆಲದಲ್ಲಿ ಬಿತ್ತಿದನು. ಮಣ್ಣು ಅಲುಗಿತು, ಮೊದಲು ಈಟಿಯ ಮೊನೆಗಳು, ಆಮೇಲೆ ಶಿರಸ್ತ್ರಾಣಗಳು, ಭುಜಗಳು, ಗುರಾಣಿ ಹಿಡಿದ ತೋಳುಗಳು ಪೈರಿನಂತೆ ಮೇಲೆದ್ದು, ನೋಡನೋಡುತ್ತಿದ್ದಂತೆ ಸಾಯುಧರಾದ ಪುರುಷರ ಒಂದು ಪಡೆಯೇ ನಿಂತಿತು. ಕ್ಯಾಡ್ಮಸ್ ಅವರ ನಡುವೆ ಒಂದು ಕಲ್ಲನ್ನೆಸೆದನು. ತಮ್ಮವನೇ ಹೊಡೆದನೆಂದು ಒಬ್ಬರ ಮೇಲೊಬ್ಬರು ಬಿದ್ದು ಕಾದಾಡಿ, ಕೊನೆಗೆ ಐವರು ಉಳಿದರು: ಎಕಿಯಾನ್, ಉಡೀಯಸ್, ಕ್ಥೋನಿಯಸ್, ಹೈಪರೀನರ್, ಪೆಲೋರಸ್. ಥೀಬ್ಸಿನ ಹಳೆಯ ಮನೆತನಗಳ ಮೂಲಪುರುಷರು ಇವರೇ. ನೆಲದಿಂದಲೇ ಹುಟ್ಟಿದವರು ತಾವೆಂಬ ಹೆಮ್ಮೆ ಅಥೆನ್ಸಿನವರಿಗೂ ಇತ್ತು. ಅವರ ಪೂರ್ವಜ ಎರಿಕ್ಥೋನಿಯಸನೂ ಭೂಗರ್ಭಸಂಜಾತನೇ. ಆದರೆ ಅವನು ಹಸುಗೂಸಾಗಿ ಹುಟ್ಟಿ ಅಥೀನಾ ದೇವಿಯ ಆರೈಕೆಯಲ್ಲಿ ಬೆಳೆದವನು. ಥೀಬ್ಸಿನವರು ಹುಟ್ಟುವಾಗಲೇ ಆಯುಧ ಹಿಡಿದವರು, ಹುಟ್ಟಿದ ಗಳಿಗೆಯಲ್ಲೇ ಭ್ರಾತೃಹತ್ಯೆ ಮಾಡಿದವರು. ಒಂದೇ ಕಲ್ಪನೆ ಎರಡು ಊರುಗಳಲ್ಲಿ ತಾಳಿದ ರೂಪಭೇದವನ್ನು ಗಮನಿಸತಕ್ಕದ್ದು.

ಸರ್ಪವಧೆಯ ಪ್ರಾಯಶ್ಚಿತ್ತವಾಗಿ ಏರಿಸನ ಊಳಿಗವನ್ನು ಮಾಡಿ ಮುಗಿಸಿದ ಕ್ಯಾಡ್ಮಸನಿಗೆ, ಏರಿಸ್ ಮತ್ತು ಅಫ್ರೊಡೈಟಿಯರ ಮಗಳಾದ ಹಾರ್ಮೋನಿಯಾ ಹೆಂಡತಿಯಾದಳು. ಮದುವೆಗೆ ದೇವತೆಗಳೆಲ್ಲ ಇಳಿದುಬಂದರು, ಕಾವ್ಯದೇವತೆಯರು ಹಾಡಿದರು. ದೇವಶಿಲ್ಪಿ ಹೆಫೈಸ್ಟಸ್ ಮಾಡಿದ ಕಂಠಾಭರಣವು ವಧುವಿಗೆ ಉಡುಗೊರೆಯಾಗಿ ಬಂದಿತು. ಮನೆತನದ ದುರ್ದೆಸೆ ಈ ಒಡವೆಯನ್ನು ಹಿಂಬಾಲಿಸಿತೆಂದು ಕಥೆಗಾರರು ಹೇಳುತ್ತಾರೆ. ದಂಪತಿಗಳ ನಾಲ್ವರು ಹೆಣ್ಣುಮಕ್ಕಳಲ್ಲಿ ಸೆಮೆಲಿ ಸ್ಯೂಸನ ನಿಜರೂಪವನ್ನು ನೋಡಬಯಸಿ ಸಿಡಿಲಿನಿಂದ ಸುಟ್ಟುಹೋದಳು, ಅವಳ ಗರ್ಭದಿಂದ ಉಳಿದುಬಂದವನೇ ಮಧುದೇವನಾದ ಡಯೊನೈಸಸ್. ಆಟೊನೊಯಿಯ ಮಗ ಆಕ್ಟಿಯಾನ್ ಜಿಂಕೆಯಾಗಿ ಮಾರ್ಪಟ್ಟು ತನ್ನ ಬೇಟೆನಾಯಿಗಳಿಗೇ ತುತ್ತಾದನು. ಐನೊ ಹುಚ್ಚುಹಿಡಿದು ಮಗುವಿನೊಡನೆ ಕಡಲಿಗೆ ಹಾರಿದಳು. ಅಗೇವಿ ಡಯೊನೈಸಸನ ಉನ್ಮಾದಕ್ಕೊಳಗಾಗಿ, ಸಿಂಹವೆಂದು ಭ್ರಮಿಸಿ, ತನ್ನ ಮಗನೂ ಊರಿನ ದೊರೆಯೂ ಆದ ಪೆಂಥಿಯಸನನ್ನು ಸಿಥೀರಾನ್ ಬೆಟ್ಟದ ಮೇಲೆ ಕೈಯಾರೆ ಸೀಳಿದಳು. ಊರನ್ನು ಕಟ್ಟಿದ ಮುದುಕ ಮುದುಕಿಯರು ಕೊನೆಗೆ ತಾವೇ ಸರ್ಪಗಳಾಗಿ ಇಲ್ಲಿರಿಯದ ಕಡೆಗೆ ಹೋದರಂತೆ.

ಕ್ಯಾಡ್ಮಸನು ಪೂರ್ವದೇಶದಿಂದ ಬಂದನೆಂಬ ಮಾತಿನಲ್ಲಿ ಸತ್ಯಾಂಶವೆಷ್ಟು? ಫಿನೀಷಿಯದ ಅಕ್ಷರಗಳನ್ನು ಗ್ರೀಕರಿಗೆ ಕಲಿಸಿದವರು ಕ್ಯಾಡ್ಮಸನ ಸಂಗಡ ಬಂದ ಜನವೆಂದು ಹೆರೊಡೋಟಸ್ ಬರೆದಿದ್ದಾನೆ. ಥೀಬ್ಸಿನ ಇಸ್ಮೀನಿಯನ್ ಅಪೊಲೊ ದೇವಾಲಯದಲ್ಲಿ ಮುಕ್ಕಾಲಿಯ ಪಾತ್ರೆಗಳ ಮೇಲೆ ಅಂಥ ಲಿಪಿಯನ್ನು ತಾನೇ ಕಂಡೆನೆಂದೂ ಹೇಳುತ್ತಾನೆ. ಗ್ರೀಕ್ ವರ್ಣಮಾಲೆ ಫಿನೀಷಿಯದ ವರ್ಣಮಾಲೆಯಿಂದ ಹುಟ್ಟಿದುದೆಂಬುದನ್ನು ಇಂದಿನ ವಿದ್ವಾಂಸರೂ ಒಪ್ಪುತ್ತಾರೆ. ಕ್ಯಾಡ್ಮಸನ ಪಾತ್ರವನ್ನು ಮಾತ್ರ ಕಥೆಗೇ ಬಿಟ್ಟುಬಿಡುತ್ತಾರೆ. ಇಂಥ ಸ್ಥಿತಿಯಲ್ಲಿ, 1963ರಲ್ಲಿ ಕ್ಯಾಡ್ಮಿಯ ದಿಣ್ಣೆಯ ಮೇಲಿನ ಅರಮನೆಯ ಅವಶೇಷಗಳನ್ನು ಅಗೆಯುತ್ತಿದ್ದವರಿಗೆ ಉರುಳೆಯಾಕಾರದ ಮುದ್ರೆಗಳ ಒಂದು ರಾಶಿ ಕೈಗೆ ಬಂದಾಗ ಲೋಕವೆಲ್ಲ ಕ್ಯಾಡ್ಮಸನ ಹೆಸರನ್ನು ಜಪಿಸಿದುದು ಆಶ್ಚರ್ಯವಲ್ಲ.

ಆ ಮುದ್ರೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆರಳ ಗೆಣ್ಣಿನಷ್ಟೇ ಉದ್ದದ, ನಡುವೆ ತೂತು ಕೊರೆದ ನೀಲಿಯ ಕಲ್ಲುಗಳವು. ಹಸಿಯ ಜೇಡಿಮಣ್ಣಿನ ಮೇಲೆ ಉರುಳಿಸಿದರೆ ಅವುಗಳ ಮೈಯಲ್ಲಿ ಕೊರೆದ ದೇವತೆಗಳು, ಮೃಗಗಳು, ಬೆಣೆಯಾಕಾರದ ಅಕ್ಷರಗಳು ಉಬ್ಬಿ ಮೂಡುತ್ತವೆ. ಕಲ್ಲು ರಾಜಾವರ್ತ, ಆ ಕಾಲಕ್ಕೆ ಅದು ದೊರೆಯುತ್ತಿದ್ದುದು ಇಂದಿನ ಆಫ್ಘಾನಿಸ್ತಾನದ ಬದಖ್ಶಾನದ ಗಣಿಗಳಲ್ಲಿ. ಮುದ್ರೆಗಳಲ್ಲೊಂದು ಬ್ಯಾಬಿಲೋನಿನ ದೊರೆ ಬರ್ನಬುರಿಯಾಶನ ಅಧಿಕಾರಿಯಾಗಿದ್ದ ಕಿಡಿನ್ ಮರ್ಡುಕ್ ಎಂಬವನದು. ಆ ದೊರೆ ಕ್ರಿಸ್ತಪೂರ್ವ 14ನೆಯ ಶತಮಾನದವನು. ಬದಖ್ಶಾನದ ಕಲ್ಲು ಬ್ಯಾಬಿಲೋನಿನಲ್ಲಿ ಕೆತ್ತಿಸಿಕೊಂಡು, ಥೀಬ್ಸಿನ ಅರಮನೆಗೆ ಬಂದು, ಅಲ್ಲಿ ಬೆಂಕಿ ಬಿದ್ದ ದಿನ ಬೂದಿಯಡಿಯಲ್ಲಿ ಹೂತುಹೋಗಿ, ಮೂರು ಸಾವಿರ ವರ್ಷಗಳಿಗೆ ಮಿಕ್ಕು ಅಲ್ಲೇ ಇದ್ದಿತು. ಇವುಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಎಡಿತ್ ಪೊರಾಡಾ ಎಂಬ ವಿದುಷಿ, ಬ್ಯಾಬಿಲೋನಿನ ಮುದ್ರೆಗಳ ಒಟ್ಟು ತೂಕ ಆ ಕಾಲದ ಒಂದು ಮೀನಾದಷ್ಟಿರುವುದನ್ನು ಗಮನಿಸಿ, ಬ್ಯಾಬಿಲೋನನ್ನು ಸೂರೆಗೊಂಡ ಅಸ್ಸೀರಿಯದ ಅರಸನೊಬ್ಬನು ಇವನ್ನು ಥೀಬ್ಸಿನ ದೊರೆಗೆ ಕಾಣಿಕೆಯಾಗಿ ಕಳುಹಿಸಿರಬಹುದೆಂದು ಊಹಿಸಿದಳು. ಊಹೆ ಸೊಗಸಾಗಿದೆ. ಆದರೆ ಮುದ್ರೆ ಪೂರ್ವದಿಂದ ಬಂದುದು ನಿಜವಾದ ಮಾತ್ರಕ್ಕೆ ದೊರೆಯೂ ಪೂರ್ವದಿಂದ ಬಂದನೆನ್ನಲಾಗದು. ಫಿನೀಷಿಯದ ನಗರಗಳಿಗೂ ಇವಕ್ಕೂ ನೇರವಾದ ನಂಟಿಲ್ಲ. ಥೀಬ್ಸಿನ ಅರಮನೆ ದೂರದೂರದ ಸಾಮ್ರಾಜ್ಯಗಳ ಪರಿಚಯವಿದ್ದ ಅರಮನೆಯಾಗಿತ್ತು, ಆ ವೈಭವದ ಮಸುಕು ನೆನಪು ಕಥೆಯಲ್ಲಿ ಉಳಿದಿದ್ದೀತು ಎಂಬಷ್ಟನ್ನು ಹೇಳಿದರೆ ಯಾರೂ ತಗಾದೆ ತೆಗೆಯಲಾರರು.

ಅರಮನೆಯ ಲೆಕ್ಕಪತ್ರಗಳೂ ಸಿಕ್ಕಿವೆ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿ ಬಿಡಿಸಿದ ಲೀನಿಯರ್ ಬಿ ಲಿಪಿಯಲ್ಲಿ ಬರೆದ ಮಣ್ಣಿನ ಹಲಗೆಗಳು, 1993ರಿಂದ ಮೊದಲ್ಗೊಂಡು ಪೆಲೊಪಿಡಾಸನ ಹೆಸರಿನ ಬೀದಿಯ ಅಗೆತದಲ್ಲಿ ಇನ್ನೂರಕ್ಕೂ ಮಿಕ್ಕು ದೊರೆತುವು. ಈಡಿಪಸನ ಹೆಸರನ್ನು ಅವುಗಳಲ್ಲಿ ಹುಡುಕುವುದು ವ್ಯರ್ಥ. ಇಂಥವರಿಗೆ ಇಷ್ಟು ಜವೆ, ಇಷ್ಟು ದ್ರಾಕ್ಷಾರಸ ಎಂಬ ಉಗ್ರಾಣದ ಬರಹವದು. ಪಡೆದವರು ದೇವತೆಗಳೋ ಮನುಷ್ಯರೋ ಎಂಬ ವಿಷಯದಲ್ಲಿ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ.

ಒಂದು ಊರನ್ನು ಒಮ್ಮೆ ಕಟ್ಟಿದರೆ ಸಾಕು. ಥೀಬ್ಸನ್ನು ಪುರಾಣವು ಎರಡು ಸಲ ಕಟ್ಟಿತು. ‘ಒಡಿಸ್ಸಿ’ಯಲ್ಲಿ ಹೋಮರನು ಕ್ಯಾಡ್ಮಸನನ್ನು ಬದಿಗಿಟ್ಟು, ಏಳು ಬಾಗಿಲಿನ ಥೀಬ್ಸಿನ ನೆಲೆಯನ್ನು ಮೊದಲು ಹಾಕಿದವರು ಆಂಫಿಯಾನ್ ಮತ್ತು ಜೀಥಸ್ ಎಂಬ ಅವಳಿಗಳೆನ್ನುತ್ತಾನೆ. ಸ್ಯೂಸನಿಗೆ ಆಂಟಿಯೊಪಿಯಲ್ಲಿ ಹುಟ್ಟಿ, ಸಿಥೀರಾನ್ ಬೆಟ್ಟದಲ್ಲಿ ಬಿಸುಡಲ್ಪಟ್ಟು, ಗೋವಳನೊಬ್ಬನ ಕೈಯಲ್ಲಿ ಬೆಳೆದ ಈ ಅವಳಿಗಳಲ್ಲಿ ಜೀಥಸ್ ಮೈಬಲದವನು, ಆಂಫಿಯಾನ್ ವೀಣಾಪಟು. ಕೋಟೆಗೋಡೆ ಕಟ್ಟುವಾಗ ಜೀಥಸ್ ಬಂಡೆಗಳನ್ನು ಹೆಗಲ ಮೇಲೆ ಹೊತ್ತು ಬೆವರಿಳಿಸುತ್ತಿದ್ದರೆ, ಆಂಫಿಯಾನ್ ತನ್ನ ಲೈರ್ ವಾದ್ಯದ ತಂತಿ ಮೀಟಿದೊಡನೆ ಬಂಡೆಗಳು ತಾವಾಗಿ ಎದ್ದು ನಾದವನ್ನನುಸರಿಸಿ ಬಂದು ಸಾಲಾಗಿ ಕೂಡುತ್ತಿದ್ದುವಂತೆ. ವಾದ್ಯಕ್ಕೆ ಏಳು ತಂತಿ, ಊರಿಗೆ ಏಳು ಬಾಗಿಲು. ಕ್ಯಾಡ್ಮಸ್ ಕಟ್ಟಿದುದು ಮೇಲಿನ ಕೋಟೆ, ಅವಳಿಗಳು ಕಟ್ಟಿದುದು ಕೆಳಗಿನ ಪಟ್ಟಣವೆಂದು ಹೇಳಿ ಮುಂದಿನವರು ಎರಡು ಕಥೆಗಳನ್ನು ರಾಜಿಮಾಡಿಸಿದರು. ಪ್ರಪಂಚದಲ್ಲಿ ಸಂಗೀತದಿಂದ ಕಟ್ಟಲ್ಪಟ್ಟ ಕೋಟೆಯೊಂದಿದ್ದರೆ ಅದು, ಮಂದಬುದ್ಧಿಯವರೆಂದು ನೆರೆಯವರು ಆಡಿಕೊಂಡ ಜನರ ಊರಿನದು.

ಏಳು ಬಾಗಿಲುಗಳ ಹೆಸರನ್ನು ಪುರಾತನರು ಪಟ್ಟಿಮಾಡಿದ್ದಾರೆ. ಕ್ರಿಸ್ತಶಕ 2ನೆಯ ಶತಮಾನದಲ್ಲಿ ಗ್ರೀಸನ್ನೆಲ್ಲ ನಡೆದು ನೋಡಿದ ಪ್ರವಾಸಿ ಪಾಸೇನಿಯಸ್ ಆ ಏಳೂ ತನ್ನ ಕಾಲಕ್ಕೆ ಇನ್ನೂ ಉಳಿದಿದ್ದುವೆಂದು ಹೇಳುತ್ತಾನೆ. ಎಲೆಕ್ಟ್ರಾ ಬಾಗಿಲಿನ ಎರಡು ದುಂಡು ಬುರುಜುಗಳ ತಳಪಾಯ ಇಂದಿಗೂ ಕಾಣುತ್ತದೆ. ಅಷ್ಟು ಚಿಕ್ಕ ದಿಣ್ಣೆಗೆ ಏಳು ಬಾಗಿಲು ಏತಕ್ಕೆ ಬೇಕಾಗಿತ್ತೆಂದು ಸಂಶಯಪಟ್ಟು, ಅವು ಕವಿಯ ಸೃಷ್ಟಿಯೇ ಇರಬೇಕೆಂದವರುಂಟು. ಪಾಸೇನಿಯಸ್ ಊರಿನವರಿಂದ ಕೇಳಿ ಬರೆದುಕೊಂಡ ಸಂಗತಿಗಳು ಬಾಗಿಲುಗಳಿಗಿಂತ ರುಚಿಕರವಾಗಿವೆ. ಆಂಫಿಯಾನ್ ಮತ್ತು ಜೀಥಸರ ಸಮಾಧಿಯೆಂದು ಹೆಸರಾದ ಮಣ್ಣಿನ ಗುಡ್ಡೆಯಿಂದ, ಸೂರ್ಯನು ವೃಷಭರಾಶಿಯಲ್ಲಿರುವಾಗ, ಫೋಸಿಸ್ ಸೀಮೆಯ ಟಿಥೋರಿಯದವರು ಮಣ್ಣನ್ನು ಕದ್ದೊಯ್ಯಲು ಹವಣಿಸುತ್ತಿದ್ದರಂತೆ. ಆ ಮಣ್ಣನ್ನು ಆಂಟಿಯೊಪಿಯ ಸಮಾಧಿಗೆ ಸೇರಿಸಿದರೆ ಅವರ ಹೊಲ ಹುಲುಸಾಗಿ, ಥೀಬ್ಸಿನವರ ಬೆಳೆ ಅಷ್ಟರಮಟ್ಟಿಗೆ ಕುಗ್ಗುವುದೆಂಬ ನಂಬಿಕೆ. ಆದುದರಿಂದ ಥೀಬ್ಸಿನವರು ಆ ದಿನಗಳಲ್ಲಿ ಗುಡ್ಡೆಗೆ ಕಾವಲಿಡುತ್ತಿದ್ದರು. ಪುರಾಣವು ಒಕ್ಕಲಿಗನ ಹೊಲದವರೆಗೂ ಇಳಿದುಬಂದುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ದೊರೆಯದು.

ಈಡಿಪಸನ ಕಥೆಯನ್ನು ಕನ್ನಡದ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ, ಪಿ. ಲಂಕೇಶರು ಸೊಫೊಕ್ಲೀಸನ ನಾಟಕವನ್ನು ‘ದೊರೆ ಈಡಿಪಸ್’ ಎಂದು ಕನ್ನಡಕ್ಕೆ ತಂದಿದ್ದಾರೆ, ಬಿ. ವಿ. ಕಾರಂತರು ಅದನ್ನು ರಂಗದ ಮೇಲೆ ನಿಲ್ಲಿಸಿದ್ದಾರೆ. ತಂದೆಯನ್ನು ಕೊಂದು ತಾಯಿಯನ್ನು ವರಿಸುವನೆಂಬ ಭವಿಷ್ಯವಾಣಿಗೆ ಹೆದರಿ ಕಾಲ ಹರಡು ಚುಚ್ಚಿ ಬೆಟ್ಟದಲ್ಲಿ ಬಿಸುಟ ಕೂಸು, ಕಾರಿಂಥದ ಅರಮನೆಯಲ್ಲಿ ಬೆಳೆದು, ಮೂರು ದಾರಿ ಕೂಡುವ ಕಡೆ ಅಪರಿಚಿತನಾದ ಮುದುಕನೊಬ್ಬನನ್ನು ಕೊಂದು, ಥೀಬ್ಸಿನ ದಾರಿಗಡ್ಡವಾಗಿ ಕೂತಿದ್ದ ಸ್ಫಿಂಕ್ಸ್ ಎಂಬ ಹೆಣ್ಣುಮೊಗದ ಸಿಂಹಿಣಿಯ ಒಗಟನ್ನು ಬಿಡಿಸಿ, ವಿಧವೆಯಾಗಿದ್ದ ರಾಣಿ ಜೊಕಾಸ್ಟಳನ್ನು ಮದುವೆಯಾಗಿ, ವರ್ಷಗಳ ತರುವಾಯ ಊರಿಗೆ ಮಾರಿ ಬಂದಾಗ ಪಾಪಿ ಯಾರೆಂದು ಹುಡುಕುತ್ತ ಹೊರಟು ತನ್ನನ್ನೇ ಕಂಡುಕೊಳ್ಳುವ ಆ ಕಥೆಯಲ್ಲಿ, ರಾಣಿ ನೇಣು ಹಾಕಿಕೊಳ್ಳುತ್ತಾಳೆ, ದೊರೆ ತನ್ನ ಕಣ್ಣುಗಳನ್ನು ತಾನೇ ತಿವಿದುಕೊಳ್ಳುತ್ತಾನೆ, ಕೊನೆಗೆ ಊರನ್ನು ಬಿಟ್ಟು ಹೊರಡುತ್ತಾನೆ.

ಹಳೆಯ ಕಥೆ ಹೀಗಿರಲಿಲ್ಲ. ‘ಒಡಿಸ್ಸಿ’ಯಲ್ಲಿ ರಾಣಿಯ ಹೆಸರು ಎಪಿಕಾಸ್ಟಿ; ಅವಳು ನೇಣು ಹಾಕಿಕೊಂಡ ಮೇಲೂ ಈಡಿಪಸ್ ದುಃಖವನ್ನನುಭವಿಸುತ್ತ ಥೀಬ್ಸಿನಲ್ಲೇ ರಾಜ್ಯವಾಳುತ್ತಾನೆ. ‘ಇಲಿಯಡ್’ನಲ್ಲಿ ಅವನ ಉತ್ತರಕ್ರಿಯೆಯ ಪಂದ್ಯಗಳು ನಡೆದುದು ಥೀಬ್ಸಿನಲ್ಲಿ. ತಾಯಿಯಲ್ಲಿ ಅವನಿಗೆ ಮಕ್ಕಳಾದುವೆಂಬುದನ್ನು ಪಾಸೇನಿಯಸ್ ಸಹ ಒಪ್ಪುವುದಿಲ್ಲ: ವಿಷಯವನ್ನು ದೇವತೆಗಳು ಬೇಗನೆ ಬಯಲುಮಾಡಿದರೆಂದು ಹೋಮರನು ಹೇಳುತ್ತಿರುವಾಗ, ನಾಲ್ಕು ಮಕ್ಕಳಾಗುವುದಕ್ಕೆ ಅವಕಾಶವೆಲ್ಲಿತ್ತೆಂದು ಆತನ ಪ್ರಶ್ನೆ. ಆ ಮಕ್ಕಳು ಯೂರಿಗನೀಯಾ ಎಂಬ ಬೇರೊಬ್ಬ ಹೆಂಡತಿಯವರೆಂದು ‘ಈಡಿಪೊಡೀಯ’ ಕಾವ್ಯದಲ್ಲಿದ್ದಿತಂತೆ. ಮಕ್ಕಳ ಕಾಳಗವನ್ನು ಕಂಡು ತಲೆತಗ್ಗಿಸಿ ದುಃಖಿಸುವ ಯೂರಿಗನೀಯಾಳ ಚಿತ್ರವನ್ನು ಪ್ಲಟೀಯದ ದೇಗುಲದಲ್ಲಿ ಪಾಸೇನಿಯಸನು ಕಂಡಿದ್ದನು. ಅಂದಮೇಲೆ ಕುರುಡನಾಗಿ ದೇಶಾಂತರ ಅಲೆಯುವ, ಸ್ವಂತ ತಾಯಿಯಲ್ಲಿ ಮಕ್ಕಳನ್ನು ಪಡೆದ ಈಡಿಪಸನನ್ನು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದುದು ಅಥೆನ್ಸಿನ ರಂಗಭೂಮಿ. ಆ ಕುರುಡನಿಗೆ ಸೊಫೊಕ್ಲೀಸ್ ಕೊನೆಯ ನಾಟಕದಲ್ಲಿ ಆಶ್ರಯ ಕೊಡಿಸಿದುದಾದರೂ ಎಲ್ಲಿ? ಅಥೆನ್ಸಿನ ಹೊರವಲಯದ ಕೊಲೋನಸಿನಲ್ಲಿ; ಅದು ಕವಿಯ ಹುಟ್ಟೂರು. ಥೀಬ್ಸ್ ಹೊರದೂಡಿದವನನ್ನು ಅಥೆನ್ಸಿನ ದೊರೆ ಥೀಸಿಯಸ್ ಬರಮಾಡಿಕೊಳ್ಳುತ್ತಾನೆ, ಅವನ ಸಮಾಧಿ ಮುಂದೆ ಥೀಬ್ಸಿನ ದಾಳಿಯಿಂದ ಅಥೆನ್ಸನ್ನು ಕಾಯುವ ರಕ್ಷೆಯಾಗುತ್ತದೆ. ಕವಿ ತೀರಿಕೊಂಡ ಮೇಲೆ, ಕ್ರಿಸ್ತಪೂರ್ವ 401ರಲ್ಲಿ, ಆ ನಾಟಕವನ್ನು ಆಡಿದರು. ಅದಕ್ಕೆ ಮೂರೇ ವರ್ಷ ಹಿಂದೆ, ಯುದ್ಧದಲ್ಲಿ ಸೋತ ಅಥೆನ್ಸನ್ನು ನೆಲಸಮ ಮಾಡಿಬಿಡಬೇಕೆಂದು ಸ್ಪಾರ್ಟಾದವರನ್ನು ಒತ್ತಾಯಪಡಿಸಿದವರಲ್ಲಿ ಥೀಬ್ಸಿನವರು ಮುಂದಾಳುಗಳಾಗಿದ್ದರು.

ಈಡಿಪಸನ ಮಕ್ಕಳಾದ ಇಟಿಯೊಕ್ಲೀಸ್ ಮತ್ತು ಪಾಲಿನೈಸಿಸರು ವರ್ಷಕ್ಕೊಬ್ಬರಂತೆ ಆಳುವ ಕರಾರು ಮಾಡಿಕೊಂಡು, ಅಣ್ಣತಮ್ಮಂದಿರ ಕರಾರುಗಳು ಮುರಿಯುವಂತೆಯೇ ಅದು ಮುರಿದು, ಪಾಲಿನೈಸಿಸ್ ಮಾವನಾದ ಆರ್ಗಾಸಿನ ಅಡ್ರಾಸ್ಟಸನ ಸೈನ್ಯವನ್ನು ಕಟ್ಟಿಕೊಂಡು ತಾಯ್ನೆಲದ ಮೇಲೆ ಏರಿಬಂದನು. ಏಳು ಬಾಗಿಲಿಗೆ ಏಳು ಮಂದಿ ನಾಯಕರು. ಅವರಲ್ಲಿ ಜ್ಯೋತಿಷಿಯೂ ವೀರನೂ ಆದ ಆಂಫಿಯರೇಯಸ್ ಈ ದಂಡಯಾತ್ರೆಯಿಂದ ತಾನು ಮರಳುವುದಿಲ್ಲವೆಂದು ಬಲ್ಲವನಾಗಿದ್ದನು. ಹಾರ್ಮೋನಿಯಳ ಅದೇ ಕಂಠಾಭರಣದ ಲಂಚಕ್ಕೆ ಒಲಿದ ಅವನ ಹೆಂಡತಿ ಗಂಡನನ್ನು ಸಾವಿಗೆ ಕಳುಹಿಸಿದಳು. ಸ್ಯೂಸನ ಸಿಡಿಲೂ ತನ್ನನ್ನು ತಡೆಯದೆಂದು ಕೊಚ್ಚಿಕೊಂಡು ಏಣಿಯಿಟ್ಟು ಗೋಡೆ ಹತ್ತಿದ ಕ್ಯಾಪನಿಯಸ್ ಸಿಡಿಲಿಗೇ ಬಲಿಯಾದನು; ಓಡುತ್ತಿದ್ದ ಆಂಫಿಯರೇಯಸನನ್ನು ರಥಸಮೇತ ಭೂಮಿ ನುಂಗಿತು; ಕೊನೆಯ ಬಾಗಿಲಿನಲ್ಲಿ ಒಡಹುಟ್ಟಿದವರು ಎದುರಾಗಿ ಒಬ್ಬರನ್ನೊಬ್ಬರು ಕೊಂದರು. ಇಬ್ಬರಿಗೂ ಬಲಿಯರ್ಪಿಸುವಾಗ ಜ್ವಾಲೆಯೂ ಹೊಗೆಯೂ ಎರಡಾಗಿ ಸೀಳುತ್ತವೆಂದು ಥೀಬ್ಸಿನವರು ಪಾಸೇನಿಯಸನಿಗೆ ಹೇಳಿದರು. ಹತ್ತು ವರ್ಷಗಳ ಬಳಿಕ ಏಳು ನಾಯಕರ ಮಕ್ಕಳು ಮತ್ತೆ ಬಂದು ಊರನ್ನು ಹಿಡಿದು ಸುಟ್ಟರು. ಟ್ರಾಯಿಗೆ ಹೊರಟ ಹಡಗುಗಳ ಪಟ್ಟಿಯಲ್ಲಿ ಹೋಮರನು ಬಿಯೋಷಿಯದವರನ್ನೇ ಮೊದಲು ಹೆಸರಿಸಿದರೂ, ಅಲ್ಲಿ ಬರುವುದು ಕೆಳಗಿನ ಥೀಬ್ಸ್ ಮಾತ್ರ. ಮೇಲಿನ ಕೋಟೆ ಆಗಲೇ ಹಾಳಾಗಿತ್ತೆಂಬುದು ಇದರ ಧ್ವನಿ. ಅರಮನೆ ಬೆಂಕಿಗಾಹುತಿಯಾದುದು ಕ್ರಿಸ್ತಪೂರ್ವ 13ನೆಯ ಶತಮಾನದ ಕೊನೆಯ ವೇಳೆಗೆ ಎಂದು ಅಗೆತಗಾರರು ಹೇಳುವುದು ಈ ಪರಂಪರೆಗೆ ದೂರವಾದ ಮಾತಲ್ಲ.

ಸತ್ತ ಪಾಲಿನೈಸಿಸನ ಹೆಣಕ್ಕೆ ಮಣ್ಣು ಹಾಕಕೂಡದೆಂದು ಹೊಸ ದೊರೆ ಕ್ರಿಯಾನ್ ಆಜ್ಞೆಮಾಡಿದುದೂ, ತಂಗಿ ಆಂಟಿಗೊನಿ ಅದನ್ನು ಮೀರಿದುದೂ ಲೋಕಪ್ರಸಿದ್ಧ. ಅವಳು ಅಣ್ಣನ ಹೆಣವನ್ನು ಹೊರಲಾರದೆ ಎಳೆದುಕೊಂಡು ಹೋದ ಜಾಗವನ್ನು ಥೀಬ್ಸಿನವರು ‘ಆಂಟಿಗೊನಿಯ ಎಳೆತ’ ಎಂಬ ಹೆಸರಿನಿಂದಲೇ ತೋರಿಸುತ್ತಿದ್ದರು. ಆದರೆ ಇದೇ ಹೆಣಗಳ ಸಂಗತಿಯನ್ನು ಅಥೆನ್ಸಿನವರು ಹೇಳಿದಾಗ ಮತ್ತೆ ಥೀಸಿಯಸನೇ ಬಂದುಬಿಡುತ್ತಾನೆ: ಯೂರಿಪಿಡೀಸನ ನಾಟಕದಲ್ಲಿ ಆರ್ಗಾಸಿನ ವೀರರ ಶವಗಳನ್ನು ಕೊಡಲೊಲ್ಲದ ಥೀಬ್ಸಿನ ಮೇಲೆ ಯುದ್ಧಮಾಡಿ, ಅವುಗಳಿಗೆ ಸಂಸ್ಕಾರ ದೊರಕಿಸಿಕೊಡುವವನು ಅವನು.

ಅಥೆನ್ಸಿನ ಕವಿಗಳು ಬರಿಯ ಹಗೆತನದಿಂದ ಹೀಗೆ ಬರೆದರೆನ್ನುವುದು ಅನ್ಯಾಯವಾದೀತು. ಮುತ್ತಿಗೆಗೊಳಗಾದ ಥೀಬ್ಸಿನ ಹೆಂಗಸರ ಭೀತಿಯನ್ನು ಈಸ್ಕಿಲಸ್ ಕ್ರಿಸ್ತಪೂರ್ವ 467ರ ತನ್ನ ನಾಟಕದಲ್ಲಿ ಎಂಥ ಅನುಕಂಪದಿಂದ ಚಿತ್ರಿಸಿದ್ದಾನೆಂಬುದನ್ನು ಓದಿದವರು ಬಲ್ಲರು. ಆದರೂ ಒಂದು ಪ್ರಸಂಗವನ್ನು ಮರೆಯುವಂತಿಲ್ಲ. ಪಾರಸಿಕರ ಕೈಗೆ ಬಿದ್ದ ಮಿಲೀಟಸ್ ನಗರದ ದುರಂತವನ್ನು ಫ್ರಿನಿಕಸ್ ಎಂಬ ಕವಿ ನಾಟಕವಾಗಿ ಆಡಿಸಿದಾಗ, ಪ್ರೇಕ್ಷಕರೆಲ್ಲ ಗೊಳೋ ಎಂದು ಅತ್ತು, ತಮ್ಮವರ ದುಃಖವನ್ನು ನೆನಪಿಗೆ ತಂದನೆಂದು ಅವನಿಗೆ ಸಾವಿರ ದ್ರಾಕ್ಮಾ ದಂಡ ಹಾಕಿದರೆಂದು ಹೆರೊಡೋಟಸ್ ಬರೆಯುತ್ತಾನೆ. ತಮ್ಮ ಸಂಕಟವನ್ನು ರಂಗದ ಮೇಲೆ ನೋಡಲಾರದ ಆ ಜನಕ್ಕೆ, ತಮ್ಮೊಳಗೂ ಇರಬಹುದಾದ ಕೇಡುಗಳನ್ನು, ಅಂದರೆ ದಾಯಾದಿ ಕಲಹವನ್ನು, ದೊರೆಯ ಮೂರ್ಖ ಹಟವನ್ನು, ಕುಲದ ಕಳಂಕವನ್ನು, ನೋಡಿ ಅಳುವುದಕ್ಕೆ ಬೇರೊಂದು ಊರು ಬೇಕಾಗಿತ್ತು. ಥೀಬ್ಸ್ ಹತ್ತಿರವೇ ಇದ್ದಿತು. ಈ ನಾಟಕಗಳನ್ನು ಆಡುತ್ತಿದ್ದುದು ಡಯೊನೈಸಸನ ಉತ್ಸವದಲ್ಲಿ. ಆ ದೇವರು ಕೂಡ ಥೀಬ್ಸಿನ ಮೊಮ್ಮಗ.

ಚರಿತ್ರೆಯ ಥೀಬ್ಸು ಹಗೆಗಳಿಗೆ ಕಾರಣ ಒದಗಿಸದೆ ಇರಲಿಲ್ಲ. ಪಾರಸಿಕರ ಚಕ್ರವರ್ತಿ ಗ್ರೀಸಿ‌ನ ಮೇಲೆ ದಂಡೆತ್ತಿ ಬಂದ ಕ್ರಿಸ್ತಪೂರ್ವ 480ರಲ್ಲಿ ಅದು ಶತ್ರುವಿನ ಪಕ್ಷ ಸೇರಿತು. ಆ ಕಳಂಕವನ್ನು ಗ್ರೀಕರು ಎಂದೂ ಮರೆಯಲಿಲ್ಲ. ಅದರ ಕೀರ್ತಿಯ ಕಾಲ ಬಹು ಅಲ್ಪ: 371ರಲ್ಲಿ ಲ್ಯೂಕ್ಟ್ರಾ ಬಯಲಿನಲ್ಲಿ ಅದರ ಸೇನಾನಿ ಎಪಮಿನಾಂಡಸನು ತನ್ನ ಎಡಪಕ್ಕೆಯ ಪಡೆಯನ್ನು ಐವತ್ತು ಸಾಲುಗಳ ಆಳಕ್ಕೆ ನಿಲ್ಲಿಸಿ, ಅಜೇಯರೆನಿಸಿದ್ದ ಸ್ಪಾರ್ಟಾದವರನ್ನು ಮುರಿದನು, 362ರಲ್ಲಿ ಮಾಂಟಿನೀಯದ ಕಾಳಗದಲ್ಲಿ ಅವನು ಬೀಳುವುದರೊಂದಿಗೆ ಆ ಕೀರ್ತಿಯೂ ಇಳಿಮುಖವಾಯಿತು. ಅಲ್ಲಿ ಅವನ ಸಮಾಧಿಯ ಕಂಬದ ಮೇಲೆ ಸರ್ಪವನ್ನು ಕೆತ್ತಿದ ಗುರಾಣಿಯಿದ್ದಿತು. ಕ್ಯಾಡ್ಮಸ್ ಬಿತ್ತಿದ ಹಲ್ಲುಗಳಿಂದ ಎದ್ದ ಐವರ ವಂಶದವನು ಅವನೆಂಬುದಕ್ಕೆ ಅದೇ ಗುರುತು.

ಅಲೆಕ್ಸಾಂಡರನು ಪಟ್ಟಕ್ಕೆ ಬಂದ ಹೊಸತರಲ್ಲಿ, ಅವನು ಸತ್ತನೆಂಬ ಸುಳ್ಳುಸುದ್ದಿಯನ್ನು ನಂಬಿ ಥೀಬ್ಸು ದಂಗೆಯೆದ್ದಿತು. ಕ್ರಿಸ್ತಪೂರ್ವ 335ರಲ್ಲಿ ಮಿಂಚಿನಂತೆ ಬಂದ ಅವನು ಊರನ್ನು ಹಿಡಿದನು. ಆರು ಸಾವಿರ ಜನ ಸತ್ತರು, ಮೂವತ್ತು ಸಾವಿರ ಜನ ಗುಲಾಮರಾಗಿ ಮಾರಾಟವಾದರು ಎಂಬುದು ಪುರಾತನ ಲೇಖಕರ ಲೆಕ್ಕ. ಊರನ್ನು ಏನುಮಾಡಬೇಕೆಂಬ ತೀರ್ಮಾನವನ್ನು ಅಲೆಕ್ಸಾಂಡರ್ ತನ್ನ ಗ್ರೀಕ್ ಮಿತ್ರರಿಗೆ ಬಿಟ್ಟನು. ಅವರಲ್ಲಿ ಥೀಬ್ಸಿನ ತುಳಿತಕ್ಕೆ ಸಿಕ್ಕಿದ್ದ ಪ್ಲಟೀಯ, ಆರ್ಕೊಮಿನಸ್ ಮೊದಲಾದ ನೆರೆಯೂರುಗಳವರಿದ್ದರು. ಆ ಸಭೆಯಲ್ಲಿ ಥೀಬ್ಸಿನ ಮೇಲೆ ಹೊರಿಸಿದ ಆಪಾದನೆಗಳನ್ನು ಜಸ್ಟಿನ್ ಎಂಬ ಲ್ಯಾಟಿನ್ ಲೇಖಕನು ಒಕ್ಕಣಿಸಿದ್ದಾನೆ. ಪಾರಸಿಕರೊಡನೆ ಸೇರಿದ ದ್ರೋಹ ಅದರಲ್ಲಿತ್ತು, ಪ್ಲಟೀಯವನ್ನು ಕೆಡವಿದ ಕ್ರೌರ್ಯವಿತ್ತು. ಅಷ್ಟು ಸಾಲದೆ, ನಾಟಕಶಾಲೆಗಳಲ್ಲೆಲ್ಲ ತುಂಬಿಹೋಗಿದ್ದ ಅವರ ಪೂರ್ವಿಕರ ಪಾತಕದ ಕಥೆಗಳನ್ನೂ ಎತ್ತಿ ಹೇಳಿದರು. ಈಡಿಪಸನು ಮಾಡಿದುದಕ್ಕೆ, ಅಥವಾ ಸೊಫೊಕ್ಲೀಸನು ಅವನಿಂದ ಮಾಡಿಸಿದುದಕ್ಕೆ, ಬದುಕಿದ್ದ ಊರೊಂದು ಜವಾಬು ಹೇಳಬೇಕಾಯಿತು. ತೀರ್ಪು ನೆಲಸಮ ಮಾಡುವುದೆಂದಾಯಿತು. ದೇವಾಲಯಗಳನ್ನೂ, ಕವಿ ಪಿಂಡಾರನ ಮನೆಯನ್ನೂ, ಅವನ ವಂಶದವರನ್ನೂ ಬಿಟ್ಟು ಮಿಕ್ಕುದೆಲ್ಲ ಹೋಯಿತು.

ಇಪ್ಪತ್ತು ವರ್ಷಗಳು ಕಳೆಯುವಷ್ಟರಲ್ಲಿ, ಅಲೆಕ್ಸಾಂಡರನ ತರುವಾಯ ಮ್ಯಾಸಿಡೋನಿಯವನ್ನು ಕೈವಶ ಮಾಡಿಕೊಂಡ ಕಸ್ಸಾಂಡರನು ಥೀಬ್ಸನ್ನು ಪುನಃ ಕಟ್ಟಿಸಲು ತೊಡಗಿದಾಗ, ಗ್ರೀಸಿನ ಹಲವು ನಗರಗಳಿಂದ ಹಣವೂ ಆಳೂ ಬಂದುವು. ಕೋಟೆಗೋಡೆಯ ಬಹುಭಾಗವನ್ನು ಕಟ್ಟಿಕೊಟ್ಟವರು ಅಥೆನ್ಸಿನವರು.